ಮನೆ ಬಿಡುವ ಧರ್ಮ

ಹೊಸ ಮನೆಗೆ ಕಾಲಿಡುವುದಕ್ಕೆ ನಮ್ಮಲ್ಲಿ ಶಾಸ್ತ್ರಗಳ ಕೊರತೆಯಿಲ್ಲ. ಮುಹೂರ್ತ ನೋಡಬೇಕು, ರಾಹುಕಾಲ ಕಳೆಯಬೇಕು, ಹೊಸ್ತಿಲಿಗೆ ಅರಿಸಿನ ಕುಂಕುಮ ಹಚ್ಚಬೇಕು. ದೇವರ ಪಟ, ತುಂಬಿದ ಕೊಡ, ಅಕ್ಕಿ, ಬೇಳೆ, ಬೆಲ್ಲ, ಉಪ್ಪು ಮೊದಲು ಒಳಗೆ ಹೋಗಬೇಕು. ಬಲಗಾಲಿಟ್ಟು ಬಂದು ಹಾಲುಕ್ಕಿಸಬೇಕು. ಸ್ವಂತ ಮನೆಯಾದರೆ ಗಣಹೋಮ, ವಾಸ್ತುಹೋಮ, ಸತ್ಯನಾರಾಯಣ ಪೂಜೆ, ನೆಂಟರಿಷ್ಟರಿಗೆ ಊಟ. ಬಾಡಿಗೆ ಮನೆಗೂ ಹಾಲುಕ್ಕಿಸದೆ ಹೋಗುವವರು ಕಡಿಮೆ. ಬಿಡುವ ಮನೆಗೆ ನಾವೇನು ಮಾಡುತ್ತೇವೆ? ಗೋಡೆಯ ಮೊಳೆ ಕೀಳುತ್ತೇವೆ, ಕಸ ಗುಡಿಸಿ ಮೂಲೆಗೆ ತಳ್ಳುತ್ತೇವೆ, ಕೀಲಿಕೈ ಕೊಟ್ಟು ಅಡ್ವಾನ್ಸ್ ಎಣಿಸಿಕೊಂಡು ಹೊರಡುತ್ತೇವೆ. ವರ್ಷಗಟ್ಟಲೆ ಅನ್ನ ಬೆಂದ, ಮಕ್ಕಳು ಬೆಳೆದ, ಹಿರಿಯರು ಕಣ್ಣುಮುಚ್ಚಿದ ಜಾಗಕ್ಕೆ ಒಂದು ನಮಸ್ಕಾರವೂ ಇಲ್ಲ.

ಈ ಪ್ರಶ್ನೆ ನನ್ನನ್ನು ಗಟ್ಟಿಯಾಗಿ ಹಿಡಿದದ್ದು ಈ ವರ್ಷ. ನಾನು ಹೈಸ್ಕೂಲಿನಲ್ಲಿ ಸಂಸ್ಕೃತ ಹೇಳಿಕೊಟ್ಟು ನಿವೃತ್ತಳಾದವಳು. ಹನುಮಂತನಗರದಲ್ಲಿ, ಕುಮಾರಸ್ವಾಮಿ ಗುಡ್ಡದಿಂದ ಕೂಗಳತೆಯ ದೂರದಲ್ಲಿ, ಎರಡನೇ ಮಹಡಿಯ ಬಾಡಿಗೆ ಮನೆಯಲ್ಲಿ ನನ್ನ ಅರ್ಧ ಆಯಸ್ಸು ಕಳೆಯಿತು. ನಮ್ಮ ಅತ್ತೆ ಹೋದದ್ದು ಅದೇ ಮನೆಯಲ್ಲಿ, ನಮ್ಮ ಯಜಮಾನರು ಹೋದದ್ದೂ ಅಲ್ಲೇ. ಮಂಡಿನೋವಿಗೆ ಮೆಟ್ಟಿಲು ಹತ್ತಲಾಗದೆ, ಕೆಂಗೇರಿ ಉಪನಗರದಲ್ಲಿ ಮಗಳ ಮನೆಯ ಹತ್ತಿರ ನೆಲಮಹಡಿಯಲ್ಲಿ ಚಿಕ್ಕದೊಂದು ಮನೆ ಹಿಡಿದೆ. ಸಾಮಾನು ಕಟ್ಟುವ ತಯಾರಿ ಶುರುವಾದಾಗ ಎಲ್ಲರೂ ಕೇಳಿದ್ದು ಒಂದೇ: ಹಾಲುಕ್ಕಿಸುವುದು ಯಾವತ್ತು? ಆ ಮನೆಯನ್ನು ಹೇಗೆ ಬಿಡುತ್ತೀರಿ ಎಂದು ಯಾರೂ ಕೇಳಲಿಲ್ಲ.

ನಮ್ಮ ಹಿರಿಯರು ಇದನ್ನು ಯೋಚಿಸಿರಲಿಲ್ಲವೆಂದಲ್ಲ. ತೈತ್ತಿರೀಯ ಸಂಹಿತೆಯ ಮೂರನೆಯ ಕಾಂಡದಲ್ಲಿ ನೆಲೆ ಬಿಟ್ಟು ಹೊರಡುವವನಿಗಾಗಿಯೇ ಒಂದು ವಿಧಿಯಿದೆ. ಮನೆಯಲ್ಲಿ ಅಗ್ನಿಯನ್ನು ಇಟ್ಟುಕೊಂಡು ನಿತ್ಯ ಹೋಮ ಮಾಡುವ ಆಹಿತಾಗ್ನಿ, ಒಂದು ಕಡೆ ಉಳಿದು ಮುಂದಕ್ಕೆ ಹೊರಟಾಗ ವಾಸ್ತೋಷ್ಪತಿಗೆ ಆಹುತಿ ಕೊಡಬೇಕು. ವಾಸ್ತೋಷ್ಪತಿಯೆಂದರೆ ಆ ನೆಲೆಯ ಒಡೆಯ; ಋಗ್ವೇದದ ಏಳನೆಯ ಮಂಡಲದಲ್ಲಿ ಅವನ ಸೂಕ್ತವಿದೆ. ಸಂಹಿತೆ ಅವನನ್ನು ರುದ್ರನೆಂದೇ ಕರೆಯುತ್ತದೆ. ಆಹುತಿಯಿಲ್ಲದೆ ಹೊರಟವನನ್ನು ಆ ಅಗ್ನಿಯೇ ರುದ್ರನಾಗಿ ಬೆನ್ನಟ್ಟಿ ಬರುತ್ತದೆಂದು ಎಚ್ಚರಿಸುತ್ತದೆ.

ಆಹುತಿ ಕೊಡುವ ಹೊತ್ತಿನ ಬಗ್ಗೆಯೂ ಅಲ್ಲಿ ಸೂಕ್ಷ್ಮವಾದ ಮಾತಿದೆ. ಗಾಡಿ ಪೂರ್ತಿ ಹೂಡಿದ ಮೇಲೆ ಕೊಟ್ಟರೆ ಹೊರಟುಬಿಟ್ಟವನು ಕೊಟ್ಟಂತಾಗುತ್ತದೆ. ಹೂಡುವ ಮೊದಲೇ ಕೊಟ್ಟರೆ ಇನ್ನೂ ಉಳಿದಿರುವವನು ಕೊಟ್ಟಂತಾಗುತ್ತದೆ. ಆದ್ದರಿಂದ ಬಲಗಡೆಯ ಎತ್ತಿಗೆ ನೊಗ ಕಟ್ಟಿರಬೇಕು, ಎಡಗಡೆಯದಕ್ಕೆ ಇನ್ನೂ ಕಟ್ಟಿರಬಾರದು. ಆ ನಡುವಿನ ಗಳಿಗೆಯಲ್ಲಿ ಆಹುತಿ. ತರಗತಿಯಲ್ಲಿ ಎಷ್ಟೋ ಪಾಠ ಮಾಡಿದ ನನಗೆ ಇಷ್ಟು ನಿಖರವಾಗಿ ಮನುಷ್ಯನ ಮನಸ್ಸನ್ನು ಬಲ್ಲ ವಿಧಿ ಬೇರೊಂದು ಕಂಡಿಲ್ಲ. ಒಂದು ಕಾಲು ಹೊರಗೆ, ಒಂದು ಕಾಲು ಒಳಗೆ ಇರುವ ಆ ಹೊತ್ತೇ ಕೃತಜ್ಞತೆಯ ಹೊತ್ತು. ಅದಕ್ಕೆ ಮುಂಚೆ ಬಿಡುವ ನೋವು ತಟ್ಟಿರುವುದಿಲ್ಲ, ಆಮೇಲೆ ಹೊಸದರ ಗಡಿಬಿಡಿಯಲ್ಲಿ ಹಳೆಯದು ನೆನಪಾಗುವುದಿಲ್ಲ.

ಆಮೇಲೆ ಆ ಗೃಹಸ್ಥ ತನ್ನ ಅಗ್ನಿಯನ್ನು ಅರಣಿಗೆ ಏರಿಸಿಕೊಳ್ಳುತ್ತಾನೆ. ಅರಣಿಯೆಂದರೆ ಬೆಂಕಿ ಕಡೆಯುವ ಜೋಡಿ ಮರದ ತುಂಡು. ಉರಿಯುವ ಕುಂಡವನ್ನು ಗಾಡಿಯಲ್ಲಿ ಹೊತ್ತೊಯ್ಯಲು ಆಗುವುದಿಲ್ಲ. ಅರಣಿಯನ್ನು ಅಗ್ನಿಗೆ ಕಾಯಿಸಿ, ಮಂತ್ರ ಹೇಳಿ, ಅಗ್ನಿ ಅದರೊಳಗೆ ಸೇರಿತೆಂದು ಭಾವಿಸುತ್ತಾನೆ. ಹೊಸ ಜಾಗದಲ್ಲಿ ಅರಣಿಯನ್ನು ಮಥಿಸಿದಾಗ ಅದೇ ಅಗ್ನಿ ಮತ್ತೆ ಹುಟ್ಟುತ್ತದೆ. ಒಂದು ಮನೆಯಿಂದ ಇನ್ನೊಂದು ಮನೆಗೆ ತೆಗೆದುಕೊಂಡು ಹೋಗಬೇಕಾದದ್ದು ಎಷ್ಟು ಕಡಿಮೆ! ನಿತ್ಯಾಗ್ನಿಹೋತ್ರ ಈಗ ಬೆರಳೆಣಿಕೆಯ ಮನೆಗಳಲ್ಲಿ ಮಾತ್ರ ಉಳಿದಿದೆ. ಅಗ್ನಿಯ ಜೊತೆಗೆ ಬಿಡುವ ವಿಧಿಯೂ ನಮ್ಮ ಕೈತಪ್ಪಿತು, ಸೇರುವ ಸಂಭ್ರಮವಷ್ಟೇ ಉಳಿಯಿತು ಎಂದು ನನಗನ್ನಿಸುತ್ತದೆ.

ಈ ನಷ್ಟ ಬೆಂಗಳೂರಿನಲ್ಲಿ ಹೆಚ್ಚು ಕಾಣುತ್ತದೆ. ಇಲ್ಲಿ ಬಾಡಿಗೆ ಕರಾರು ಹನ್ನೊಂದು ತಿಂಗಳದು, ಏಕೆಂದರೆ 1908ರ ನೋಂದಣಿ ಕಾಯಿದೆಯ ಪ್ರಕಾರ ವರ್ಷ ಮೀರಿದ ಕರಾರನ್ನು ನೋಂದಾಯಿಸಲೇಬೇಕು. ಹೀಗಾಗಿ ಈ ಊರಿನ ಬಾಡಿಗೆದಾರರ ಬದುಕು ಹನ್ನೊಂದು ತಿಂಗಳ ಕಂತುಗಳಲ್ಲಿ ನಡೆಯುತ್ತದೆ. ಎಂಟು ಹತ್ತು ಮನೆ ಬದಲಿಸಿದ ಸಂಸಾರಗಳು ಪ್ರತಿ ಬೀದಿಯಲ್ಲೂ ಇವೆ. ಪೂರ್ವಜರ ಮನೆಯಲ್ಲಿ ಹುಟ್ಟಿ ಅಲ್ಲೇ ಕಣ್ಣುಮುಚ್ಚುವ ಕಾಲದಲ್ಲಿ ಮನೆ ಬಿಡುವ ಧರ್ಮದ ಅಗತ್ಯ ಅಷ್ಟಿರಲಿಲ್ಲವೇನೋ. ಮತ್ತೆ ಮತ್ತೆ ಬಿಡುವುದೇ ಜೀವನಕ್ರಮವಾಗಿರುವ ನಮಗೆ ಅದು ಖಂಡಿತ ಬೇಕು.

ನನ್ನ ತಯಾರಿ ಒಂದು ನೂರು ಪುಟದ ನೋಟ್‌ಬುಕ್ಕಿನಿಂದ ಆರಂಭವಾಯಿತು. ಗ್ಯಾಸ್ ಏಜೆನ್ಸಿಗೆ ಹೇಳುವುದು, ಕರೆಂಟ್ ಬಿಲ್ ಚುಕ್ತಾ ಮಾಡುವುದು, ಹಾಲಿನವನ ಲೆಕ್ಕ, ಬ್ಯಾಂಕಿನ ವಿಳಾಸ, ಮತದಾರರ ಪಟ್ಟಿಗೆ ನಮೂನೆ 8 – ಇವೆಲ್ಲ ಒಂದು ಕಡೆ ಬರೆದೆ. ಇನ್ನೊಂದು ಕಡೆ ಸಾಮಾನಿನ ಪಟ್ಟಿ. ಅಟ್ಟದ ಮೇಲಿನ ಹಿತ್ತಾಳೆ ಹಂಡೆ, ತಾಮ್ರದ ಕೊಳಗ, ದಸರಾ ಗೊಂಬೆಗಳ ಟ್ರಂಕು, ಮದುವೆ ಮುಂಜಿಗಳಲ್ಲಿ ಬಂದ, ಹೆಸರು ಕೆತ್ತಿಸಿದ ಸ್ಟೀಲು ಪಾತ್ರೆಗಳು, ಯಜಮಾನರ ಪುಸ್ತಕಗಳು, ರುಬ್ಬುವ ಕಲ್ಲು. ಪಟ್ಟಿ ಬೆಳೆಯುತ್ತಲೇ ಹೋಯಿತು. ಹೊಸ ಮನೆಯಲ್ಲಿ ಅಟ್ಟವೇ ಇಲ್ಲ.

ದಾರಿ ತೋರಿದ್ದು ಕೆಳಮನೆಯ ಜೈನ ಗೆಳತಿ. ಜೈನ ಗೃಹಸ್ಥರ ಐದು ಅಣುವ್ರತಗಳಲ್ಲಿ ಕೊನೆಯದು ಪರಿಗ್ರಹ ಪರಿಮಾಣ. ಮುನಿ ಎಲ್ಲವನ್ನೂ ಬಿಡುತ್ತಾನೆ. ದಿಗಂಬರ ಮುನಿಯ ಬಳಿ ಪಿಂಛಿ, ಕಮಂಡಲು, ಶಾಸ್ತ್ರ ಬಿಟ್ಟರೆ ಬೇರೇನೂ ಇರುವುದಿಲ್ಲ. ಗೃಹಸ್ಥನಿಗೆ ಅಷ್ಟನ್ನು ಹೇಳುವುದಿಲ್ಲ. ತನಗೆ ಎಷ್ಟು ಸಾಕೆಂದು ತಾನೇ ಅಳತೆ ಗೊತ್ತುಮಾಡಿಕೊಂಡು ಅದನ್ನು ದಾಟದಿರುವುದೇ ಅವನ ವ್ರತ. ಉಮಾಸ್ವಾತಿಯ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಹೊಲ, ಮನೆ, ಬೆಳ್ಳಿ, ಬಂಗಾರ, ದನ, ಧಾನ್ಯ, ಬಟ್ಟೆ ಪಾತ್ರೆಗಳವರೆಗೆ ಯಾವುದರ ಅಳತೆ ಮೀರಬಾರದೆಂದು ಹೆಸರಿಸುತ್ತದೆ. ಗೆಳತಿ ಹೇಳಿದ ಮಾತು ಇದು: "ಅಕ್ಕಾ, ಯಾವುದನ್ನು ಬಿಡಲಿ ಅಂತ ಪಟ್ಟಿ ಮಾಡಬೇಡಿ, ಬಿಡೋಕೆ ಯಾವುದೂ ಸಿಗಲ್ಲ. ಎಷ್ಟು ಸಾಕು ಅಂತ ಮೊದಲು ಬರೀರಿ. ಉಳಿದದ್ದು ತಾನಾಗಿ ನಿಮ್ಮದಲ್ಲ ಅಂತ ಆಗುತ್ತೆ."

ಹಾಗೇ ಮಾಡಿದೆ. ಹೊಸ ಮನೆಯ ಅಡಿಗೆಮನೆಯ ಕಪಾಟು, ಒಂದು ಬೀರು, ಒಂದು ಪುಸ್ತಕದ ಶೆಲ್ಫು, ಒಂದು ಮಂಚ, ದೇವರ ಗೂಡು: ಇಷ್ಟೇ ನನ್ನ ಪರಿಮಾಣ. ಇದರಲ್ಲಿ ಹಿಡಿಯುವಷ್ಟು ನನ್ನದು.

ಅದೇ ತತ್ತ್ವಾರ್ಥಸೂತ್ರ ಇನ್ನೂ ಆಳಕ್ಕಿಳಿಯುತ್ತದೆ. ಪರಿಗ್ರಹವೆಂದರೆ ವಸ್ತುವಲ್ಲ, ವಸ್ತುವಿನ ಮೇಲಿನ ಮೂರ್ಛೆ, ಅಂದರೆ ಮೋಹ, ಎಂದು ಅದು ನಿರ್ಣಯಿಸುತ್ತದೆ. ಇದರ ಸತ್ಯ ನನಗೆ ರುಬ್ಬುವ ಕಲ್ಲಿನ ಮುಂದೆ ತಿಳಿಯಿತು. ಎಷ್ಟೋ ವರ್ಷದಿಂದ ಅದನ್ನು ಮುಟ್ಟಿಲ್ಲ, ಎತ್ತುವ ಶಕ್ತಿಯೂ ಇಲ್ಲ. ಆದರೂ ಅತ್ತೆಯ ಕೈ ಅದರ ಮೇಲೆ ಆಡಿತ್ತೆಂಬ ಒಂದೇ ಕಾರಣಕ್ಕೆ ಅದನ್ನು ಬಿಡಲು ಮನಸ್ಸು ಒಪ್ಪಲಿಲ್ಲ. ಕಲ್ಲು ಯಾರ ಮನೆಯಲ್ಲಿದ್ದರೂ ಅತ್ತೆಯ ನೆನಪು ನನ್ನಲ್ಲಿರುತ್ತದೆ. ಕಲ್ಲನ್ನು ಹೊತ್ತೊಯ್ದು ಆ ನೆನಪನ್ನು ದಿನನಿತ್ಯದ ಗದ್ದಲದಲ್ಲಿ ಮರೆತುಬಿಡುವುದೂ ಸಾಧ್ಯ. ವಸ್ತುವನ್ನು ಬಿಟ್ಟು ಪ್ರೀತಿಯನ್ನು ಇಟ್ಟುಕೊಳ್ಳಲು ಆಗುತ್ತದೆಯೆಂದು ತಿಳಿದ ಮೇಲೆ ಕೈ ಹಗುರವಾಯಿತು. ಅರಣಿಗೆ ಅಗ್ನಿಯನ್ನು ಏರಿಸಿಕೊಂಡವನಿಗೂ ಇದೇ ಗೊತ್ತಿತ್ತೆಂದು ನನ್ನ ನಂಬಿಕೆ.

ಇನ್ನು ಕೊಡುವ ವಿಷಯ. ಮನೆ ಖಾಲಿ ಮಾಡುವಾಗ ನಾವೆಲ್ಲ ಇದ್ದಕ್ಕಿದ್ದಂತೆ ದಾನಿಗಳಾಗುತ್ತೇವೆ. ಕೈ ಮುರಿದ ಕುರ್ಚಿ, ಸುಟ್ಟುಹೋದ ಮಿಕ್ಸಿ, ಝಿಪ್ಪು ಕಿತ್ತ ಸೂಟ್‌ಕೇಸು, ಬಣ್ಣಗೆಟ್ಟ ಸೀರೆ, ಎಲ್ಲವನ್ನೂ ಮನೆಗೆಲಸದವಳ ಮುಂದೆ ಗುಡ್ಡೆ ಹಾಕಿ "ತಗೊಂಡು ಹೋಗಮ್ಮ" ಎನ್ನುತ್ತೇವೆ. ಕಠೋಪನಿಷತ್ತು ಆರಂಭವಾಗುವುದೇ ಇಂಥ ಒಂದು ದಾನದಿಂದ. ವಾಜಶ್ರವಸ ಸರ್ವಸ್ವವನ್ನೂ ಕೊಡುವ ಯಾಗ ಮಾಡುತ್ತಾನೆ. ಆದರೆ ಅವನು ಕೊಡಲು ಹೊರಟ ಹಸುಗಳು ಕುಡಿಯುವ ನೀರು ಕುಡಿದು ಮುಗಿಸಿದವು, ತಿನ್ನುವ ಹುಲ್ಲು ತಿಂದು ಮುಗಿಸಿದವು, ಹಾಲು ಬತ್ತಿದವು, ಇನ್ನು ಕರು ಹಾಕಲಾರದವು. ಅದನ್ನು ಕಂಡ ಹುಡುಗ ನಚಿಕೇತನಲ್ಲಿ ಶ್ರದ್ಧೆ ಹೊಕ್ಕು, ಇಂಥವನ್ನು ಕೊಡುವವನು ಆನಂದವಿಲ್ಲದ ಲೋಕಗಳಿಗೆ ಹೋಗುತ್ತಾನಲ್ಲ ಎಂದು ಕಳವಳಗೊಳ್ಳುತ್ತಾನೆ. ಹಾಗಾದರೆ ನನ್ನನ್ನು ಯಾರಿಗೆ ಕೊಡುತ್ತೀಯೆಂದು ಅಪ್ಪನನ್ನು ಮತ್ತೆ ಮತ್ತೆ ಕೇಳುತ್ತಾನೆ. ಯಮನ ಬಾಗಿಲಿಗೆ ಅವನು ಹೋಗಿ ನಿಂತದ್ದೂ, ಸಾವಿನಾಚೆಯ ವಿದ್ಯೆ ಪಡೆದದ್ದೂ ಈ ಪ್ರಶ್ನೆಯಿಂದಲೇ. ಅಷ್ಟು ದೊಡ್ಡ ಉಪನಿಷತ್ತು ಹುಟ್ಟಿದ್ದು ಒಂದು ಮನೆಯ ಹಳೆಯ ಸಾಮಾನಿನ ವಿಲೇವಾರಿಯಲ್ಲಿ ಎಂಬುದನ್ನು ನಾವು ಸುಲಭವಾಗಿ ಮರೆಯುತ್ತೇವೆ.

ಆದ್ದರಿಂದ ನಾನು ಒಂದು ನಿಯಮ ಮಾಡಿಕೊಂಡೆ. ಕೆಲಸ ಮಾಡುವುದನ್ನು ಮಾತ್ರ ಕೊಡುವುದು, ಅದೂ ಬೇಕೆಂದವರಿಗೆ, ಅವರನ್ನು ಕೇಳಿ. ಮನೆಗೆಲಸಕ್ಕೆ ಬರುತ್ತಿದ್ದವಳಿಗೆ ಫ್ರಿಜ್ ಬೇಕಿತ್ತು. ಅದನ್ನು ರಿಪೇರಿ ಮಾಡಿಸಿ, ಟೆಂಪೋ ಬಾಡಿಗೆ ನಾನೇ ಕೊಟ್ಟು ಅವಳ ಮನೆಗೆ ಕಳಿಸಿದೆ. ಹಂಡೆ ಕೊಳಗಗಳು ಊರಿನ ದೇವಸ್ಥಾನದ ಅಡಿಗೆಮನೆಗೆ ಹೋದವು. ವ್ಯಾಕರಣದ ಪುಸ್ತಕಗಳನ್ನು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಒಯ್ದಳು. ಕೆಟ್ಟುಹೋದದ್ದೆಲ್ಲ ಒಣ ತ್ಯಾಜ್ಯ ಸಂಗ್ರಹ ಕೇಂದ್ರಕ್ಕೆ, ಕೆಟ್ಟದ್ದೆಂದು ಹೇಳಿಯೇ. ಕಸವನ್ನು ಕಸವೆಂದು ಒಪ್ಪಿಕೊಂಡು ಅದರ ಜಾಗಕ್ಕೆ ಸೇರಿಸುವುದೂ ಪ್ರಾಮಾಣಿಕತೆ. ಅದಕ್ಕೆ ದಾನದ ಹೆಸರು ಕೊಟ್ಟು ಪುಣ್ಯ ಬೇಡುವುದು ವಾಜಶ್ರವಸನ ದಾರಿ.

ದೇವರ ಗೂಡಿನ ಕೆಲಸ ಎಲ್ಲಕ್ಕಿಂತ ಕಠಿಣವಾಗಿತ್ತು. ನಮ್ಮದು ಪಂಚಾಯತನ ಪೂಜೆಯ ಮನೆ. ಗಂಡಕಿಯ ಸಾಲಿಗ್ರಾಮ ವಿಷ್ಣು, ನರ್ಮದೆಯ ಬಾಣಲಿಂಗ ಶಿವ, ಶೋಣಭದ್ರದ ಕೆಂಪು ಕಲ್ಲು ಗಣಪತಿ, ಸ್ವರ್ಣಮುಖಿಯ ಕಲ್ಲು ಅಂಬಿಕೆ, ಸ್ಫಟಿಕ ಸೂರ್ಯ. ಐವರೂ ಒಂದು ಪುಟ್ಟ ಪೆಟ್ಟಿಗೆಯಲ್ಲಿ ಹಿಡಿಯುತ್ತಾರೆ. ಸಾಲಿಗ್ರಾಮ, ಬಾಣಲಿಂಗಗಳಿಗೆ ಆವಾಹನೆ ವಿಸರ್ಜನೆ ಬೇಕಿಲ್ಲವೆಂದು ಸಂಪ್ರದಾಯ. ದೇವರು ಅಲ್ಲಿ ಯಾವಾಗಲೂ ಇದ್ದಾನೆ. ನದಿಯಲ್ಲಿ ಉರುಳಿ ನುಣುಪಾಗಿ, ಎಷ್ಟೋ ಕೈ ದಾಟಿ ಬಂದ ದೇವರುಗಳಿಗೆ ಹನುಮಂತನಗರವೂ ಒಂದೇ, ಕೆಂಗೇರಿಯೂ ಒಂದೇ. ಅವರನ್ನು ನಾನೇ ಮಡಿಲಲ್ಲಿಟ್ಟುಕೊಂಡು ಬಂದೆ. ಚಿಕ್ಕ ದೇವರುಗಳು ಮಾತ್ರವಲ್ಲ, ದೊಡ್ಡ ಕ್ಷೇತ್ರಗಳ ದೇವರೂ ನೆಲೆ ಬಿಟ್ಟದ್ದುಂಟು. ಶ್ರೀರಂಗದ ಉತ್ಸವಮೂರ್ತಿ 14ನೆಯ ಶತಮಾನದಲ್ಲಿ ದಾಳಿಗೆ ಸಿಕ್ಕದಂತೆ ದಶಕಗಳ ಕಾಲ ಊರೂರು ಅಲೆದು 1371ರಲ್ಲಿ ಹಿಂದಿರುಗಿತು. ಗುಡಿ ಜೀರ್ಣೋದ್ಧಾರವಾಗುವಾಗ ಇಂದಿಗೂ ಮೂರ್ತಿಯ ಕಳೆಯನ್ನು ಕಲಶಕ್ಕೆ ಇಳಿಸಿ ತಾತ್ಕಾಲಿಕ ಗುಡಿಯಾದ ಬಾಲಾಲಯದಲ್ಲಿ ಇಡುತ್ತಾರೆ. ದೇವರಿಗೆ ಗೌರವದಿಂದ ಮನೆ ಬದಲಿಸಿಕೊಡುವ ಕ್ರಮ ನಮ್ಮಲ್ಲಿ ಇದ್ದೇ ಇದೆ.

ಪಟಗಳ ಕಥೆ ಬೇರೆ. ಕ್ಯಾಲೆಂಡರಿನಿಂದ ಕತ್ತರಿಸಿ ಕಟ್ಟು ಹಾಕಿಸಿದವು, ಗಾಜು ಬಿರುಕು ಬಿಟ್ಟವು, ಯಾತ್ರೆಯಿಂದ ಯಾರೋ ತಂದುಕೊಟ್ಟವು. ಬೆಂಗಳೂರಿನ ಯಾವ ಅರಳಿಕಟ್ಟೆಗೆ ಹೋದರೂ ಬುಡದಲ್ಲಿ ಇಂಥ ಪಟಗಳು ಮಳೆಯಲ್ಲಿ ನೆನೆಯುತ್ತ, ಗಾಜು ಒಡೆದು, ನಾಯಿ ಮಲಗುವ ಜಾಗದಲ್ಲಿ ಬಿದ್ದಿರುತ್ತವೆ. ಅವುಗಳಲ್ಲಿ ಬಹಳಷ್ಟು ಮನೆ ಬದಲಿಸಿದವರು ಇಟ್ಟುಹೋದವೇ. ನಿನ್ನೆಯವರೆಗೆ ದೀಪ ಹಚ್ಚಿದವರು ಇಂದು ಮರದ ಬುಡದಲ್ಲಿಟ್ಟು ಕೈಮುಗಿದು ಹಿಂದೆ ನೋಡದೆ ಹೋಗುತ್ತಾರೆ. ಇದು ನನಗೆ ಭಕ್ತಿಯಾಗಿ ಕಾಣುವುದಿಲ್ಲ. ನಮ್ಮ ಪೂಜೆಗೆ ಒದಗಿದ ರೂಪಕ್ಕೆ ಕೊನೆಯ ಸೇವೆ ಮಾಡುವ ಹೊಣೆ ನಮ್ಮದೇ. ನಾನು ಪ್ರತಿ ಪಟಕ್ಕೂ ಕೊನೆಯ ಆರತಿ ಎತ್ತಿ, ಕಟ್ಟು ಗಾಜುಗಳನ್ನು ಬೇರೆ ಮಾಡಿ ತ್ಯಾಜ್ಯ ಕೇಂದ್ರಕ್ಕೆ ಕೊಟ್ಟೆ. ಕಾಗದವನ್ನು ತುಪ್ಪದ ದೀಪದಿಂದ ಹಚ್ಚಿದ ಬೆಂಕಿಗೆ ಅರ್ಪಿಸಿ ಬೂದಿಯನ್ನು ತುಳಸಿ ಕುಂಡದ ಮಣ್ಣಿಗೆ ಸೇರಿಸಿದೆ. ನಮ್ಮ ಪುರೋಹಿತರು ಅದು ಸರಿಯೆಂದರು.

ದಿನ ಗೊತ್ತುಮಾಡುವಾಗ ಆಷಾಢದ ಮಾತು ಬಂತು. ಕರಾರು ಮುಗಿಯುವುದು ಆಷಾಢದಲ್ಲಿ. ಆ ತಿಂಗಳು ಮನೆ ಬದಲಿಸಬಾರದೆಂದು ಹಿರಿಯರ ಆಗ್ರಹ. ನನಗೆ ಅರ್ಥವಾಗುವ ಕಾರಣವೆಂದರೆ ಮಳೆ. ಪರಿವ್ರಾಜಕ ಸಂನ್ಯಾಸಿಗಳೂ ಜೈನ ಮುನಿಗಳೂ ನಡಿಗೆ ನಿಲ್ಲಿಸಿ ಚಾತುರ್ಮಾಸ್ಯಕ್ಕೆ ಕೂರುವುದು ಆಷಾಢದಲ್ಲೇ. ಮಳೆಗೆ ನೆಲವೆಲ್ಲ ಸಣ್ಣ ಜೀವಗಳಿಂದ ತುಂಬಿರುತ್ತದೆ, ಕಾಲಿಟ್ಟಲ್ಲೆಲ್ಲ ಹಿಂಸೆ. ಮನೆಯೇ ಇಲ್ಲದವರು ಕೂಡ ಒಂದೆಡೆ ನಿಲ್ಲುವ ಕಾಲದಲ್ಲಿ ಮನೆಯಿರುವವರು ಓಡಾಡುವುದೇಕೆ? ನಾನು ಜ್ಯೇಷ್ಠದಲ್ಲೇ ಹೊರಟೆ. ಸಾಮಾನು ಹೊರುವ ಹುಡುಗರು ಜಾರುವ ಮೆಟ್ಟಿಲಲ್ಲಿ ಬೀರು ಹೊತ್ತು ಇಳಿಯುವುದು ತಪ್ಪಿತಲ್ಲ, ನನ್ನ ಪಾಲಿಗೆ ಅದೇ ದೊಡ್ಡ ಮುಹೂರ್ತಫಲ. ಆ ಹುಡುಗರು ಉತ್ತರ ಕರ್ನಾಟಕದಿಂದ ಬಂದವರು. ಅವರ ಇಡೀ ಸಂಸಾರ ಒಂದು ಚೀಲದಲ್ಲಿ ಹಿಡಿಯುತ್ತದೆ, ಕೆಲಸವಿದ್ದ ಕಡೆ ಶೆಡ್ಡು. ಅಪರಿಗ್ರಹದ ಉಪದೇಶ ಅವರಿಗಲ್ಲ. ಪರಿಮಾಣದ ವ್ರತ ಉಳ್ಳವರದು. ಇಲ್ಲದವರ ಮುಂದೆ ಸರಳತೆಯ ಮಾತಾಡುವುದು ಅಧರ್ಮ. ಅವರಿಗೆ ಮೊದಲು ಊಟ ಹಾಕಿ, ಒಪ್ಪಿದ ಕೂಲಿಯ ಮೇಲೆ ಕೈ ತುಂಬ ಕೊಟ್ಟು ಕಳಿಸಿದೆ.

ಹಳೆಯ ಮನೆಯಲ್ಲಿ ಉಳಿಯುವವರ ಲೆಕ್ಕವೂ ಇದೆ. ವೈಶ್ವದೇವವೆಂಬ ನಿತ್ಯವಿಧಿಯಲ್ಲಿ ಗೃಹಸ್ಥ ಬಾಗಿಲ ಬಳಿ, ನೀರಿನ ಬಳಿ, ಒನಕೆ ಒರಳಿನ ಬಳಿ ಅನ್ನದ ಬಲಿ ಇಡುತ್ತಾನೆ. ಕಾಗೆ, ನಾಯಿ, ಕ್ರಿಮಿಗಳಿಗೂ ಅನ್ನದ ಪಾಲಿದೆ. ಮನೆ ನಮ್ಮೊಬ್ಬರದೇ ಆಗಿರಲಿಲ್ಲ ಎಂಬ ಅರಿವು ಅದು. ಪ್ಯಾರಪೆಟ್ ಮೇಲೆ ದಿನಾ ಅನ್ನಕ್ಕೆ ಬರುವ ಕಾಗೆಗಳ ವಿಷಯ ಮುಂದೆ ಬರಲಿದ್ದ ದಂಪತಿಗೆ ಹೇಳಿದೆ. ಮಲ್ಲಿಗೆ ಬಳ್ಳಿಯಲ್ಲಿ ಪಿಕಳಾರ ಗೂಡು ಕಟ್ಟಿದ್ದರಿಂದ ಆ ಕುಂಡವನ್ನು ಅಲ್ಲೇ ಬಿಟ್ಟೆ. ತುಳಸಿಯ ಸಸಿಯೊಂದನ್ನು ತಂದು ತಾಯಿಗಿಡವನ್ನು ಅವರಿಗೆ ಒಪ್ಪಿಸಿದೆ. ಕಾವೇರಿ ನೀರು ಯಾವ ದಿನ ಬರುತ್ತದೆ, ಸಂಪಿನ ಮೋಟರ್ ಹೇಗೆ ಹಾಕಬೇಕು, ಬಚ್ಚಲಿನ ಯಾವ ನಲ್ಲಿ ಸೋರುತ್ತದೆ, ಮಳೆಗೆ ಯಾವ ಕಿಟಕಿ ಮುಚ್ಚಬೇಕು – ಎಲ್ಲ ಬರೆದು ಅಡಿಗೆಮನೆಯ ಕಪಾಟಿನ ಒಳಬಾಗಿಲಿಗೆ ಅಂಟಿಸಿದೆ. ಬಣ್ಣದ ಖರ್ಚೆಂದು ಒಂದು ತಿಂಗಳ ಬಾಡಿಗೆಯನ್ನು ಅಡ್ವಾನ್ಸಿನಲ್ಲಿ ಮುರಿದುಕೊಳ್ಳುವುದು ಇಲ್ಲಿನ ವಾಡಿಕೆ. ಹೇಗೂ ದುಡ್ಡು ಹಿಡಿಯುತ್ತಾರೆ, ಮನೆ ಹೇಗಿದ್ದರೇನು ಎನ್ನುವ ಮಾತು ಬಹಳ ಕಡೆ ಕೇಳಿದ್ದೇನೆ. ಹಣದ ಲೆಕ್ಕ ಮಾಲೀಕರೊಂದಿಗೆ ಮುಗಿಯುತ್ತದೆ. ಮನೆಯೊಂದಿಗಿನ ಲೆಕ್ಕ ಹಾಗೆ ಮುಗಿಯುವುದಿಲ್ಲ. ನಾನು ನೆಲ ಸಾರಿಸಿ, ಒಲೆಯ ಕಟ್ಟೆ ತೊಳೆದು, ಹೊಸ್ತಿಲಿಗೆ ರಂಗೋಲಿ ಇಟ್ಟೆ.

ಮನೆ ಬಿಡುವುದನ್ನು ಸಾವಿಗೆ ಹೋಲಿಸುವವರಿದ್ದಾರೆ, ದೇಹವೂ ಬಾಡಿಗೆ ಮನೆಯೆನ್ನುತ್ತಾರೆ. ಎರಡು ಸಾವನ್ನು ಅದೇ ಮನೆಯಲ್ಲಿ ಕಂಡವಳಾಗಿ ನಾನು ಈ ಹೋಲಿಕೆಯನ್ನು ಪೂರ್ತಿ ಒಪ್ಪುವುದಿಲ್ಲ. ನಮ್ಮ ಯಜಮಾನರಿಗೆ ಸಾಮಾನು ಹಂಚುವ, ಮಾತು ಮುಗಿಸುವ, ನಮಸ್ಕಾರ ಹೇಳುವ ಸಮಯ ಸಿಗಲಿಲ್ಲ. ಮನೆ ಬದಲಿಸುವವರಿಗೆ ಆ ಸಮಯ ಇರುತ್ತದೆ. ಒಂದು ಎತ್ತಿಗೆ ನೊಗ ಕಟ್ಟಿ ಇನ್ನೊಂದಕ್ಕೆ ಕಟ್ಟದಿರುವ ಗಳಿಗೆಯನ್ನು ಅವರು ತಾವೇ ಆರಿಸಿಕೊಳ್ಳಬಹುದು. ಸಾವು ಕೊಡದ ಅವಕಾಶವನ್ನು ಬದುಕು ಕೊಟ್ಟಾಗ ಅದನ್ನು ಪ್ಯಾಕಿಂಗ್ ಟೇಪಿನ ಗಡಿಬಿಡಿಯಲ್ಲಿ ಕಳೆದುಕೊಳ್ಳುವುದು ದೊಡ್ಡ ನಷ್ಟ. ಅರ್ಧ ಸಾಮಾನು ಟೆಂಪೋ ಏರಿ ಅರ್ಧ ಉಳಿದಿದ್ದಾಗ ನಾನು ನಡುಮನೆಯಲ್ಲಿ ದೀಪ ಹಚ್ಚಿ, ಒಂದು ಹಿಡಿ ಅಕ್ಕಿಯನ್ನು ನೆಲದ ಮೇಲಿಟ್ಟು, ವಾಸ್ತೋಷ್ಪತಿಯನ್ನು ನೆನೆದು ನಮಸ್ಕರಿಸಿದೆ. ಹೋಮದ ಅಧಿಕಾರವಾಗಲಿ ಸಾಮಗ್ರಿಯಾಗಲಿ ನನ್ನಲ್ಲಿರಲಿಲ್ಲ. ಕೃತಜ್ಞತೆಗೆ ಅದು ಬೇಕಿರಲಿಲ್ಲ.

ಮನೆ ಬದಲಿಸಲಿರುವವರಲ್ಲಿ ನನ್ನ ಬಿನ್ನಹ ಇಷ್ಟೇ. ಎಷ್ಟು ಸಾಕೆಂದು ಮೊದಲು ಅಳತೆ ಮಾಡಿಕೊಳ್ಳಿ. ಕೊಡುವುದಾದರೆ ಒಳ್ಳೆಯದನ್ನು ಕೊಡಿ. ದೇವರ ಪಟಗಳನ್ನು ಮರದ ಬುಡದಲ್ಲಿ ಬಿಟ್ಟುಹೋಗಬೇಡಿ. ಹೊರುವವರನ್ನು ಹಸಿದು ಕಳಿಸಬೇಡಿ. ಮುಂದೆ ಬರುವವರಿಗೆ ಮನೆಯನ್ನು ಚೊಕ್ಕಟ ಮಾಡಿಡಿ. ಪುರೋಹಿತರಲ್ಲೂ ಒಂದು ಕೋರಿಕೆ: ಗೃಹಪ್ರವೇಶಕ್ಕೆ ದಿನ ಕೇಳಲು ಬಂದವರಿಗೆ, ಈಗಿರುವ ಮನೆಗೆ ನಮಸ್ಕಾರ ಮಾಡಿ ಬನ್ನಿ ಎಂದು ಒಂದು ಮಾತು ಹೇಳಿ. ಬಿಟ್ಟ ಮನೆಯ ಋಣ ತೀರಿಸಿದವರೇ ಹೊಸ ಮನೆಯಲ್ಲಿ ಹಾಲುಕ್ಕಿಸಲು ಅರ್ಹರು.